ಅಕ್ಕೂರು ಹೈಕಳಿಗೆ ಹತ್ತು ಸೆಕೆಂಡು ಕೊಡಿ

ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸಿಗೆ ಜಾಹೀರಾತಿನ ಪಾಠ ಯಾರೂ ಹೇಳಿಕೊಟ್ಟಿಲ್ಲ. "ಬನ್ರವ್ವಾ, ಬೆಳಿಗ್ಗೆ ಕಿತ್ತಿದ್ದು, ಇನ್ನೂ ಇಬ್ಬನಿ ಆರಿಲ್ಲ!" ಅಂತ ಒಂದು ಕೂಗು ಹಾಕಿದರೆ ಮುಗೀತು. ಯಾರಿಗೆ ಹೇಳಿದ್ದು, ಮಾಲು ಎಂಥದ್ದು, ಯಾಕೆ ಕೊಳ್ಳಬೇಕು, ಎಲ್ಲಾ ಅದರಲ್ಲೇ ಇದೆ. ಹಿಡಿದದ್ದು ಐದು ಸೆಕೆಂಡು. ರೇಡಿಯೋ ಜಾಹೀರಾತು ಅಂದರೆ ಇದೇ ಸ್ವಾಮಿ, ದೊಡ್ಡ ವಿದ್ಯೆಯೇನಲ್ಲ.

ಇದನ್ನು ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರು, ಅದರ ಆಚೀಚೆ ಹಳ್ಳಿಗಳ ಹೈಸ್ಕೂಲು ಹೈಕಳಿಗೆ ಯಾಕೆ ಕಲಿಸಬಾರದು ಅನ್ನೋದು ಈ ವಾರದ ನಮ್ಮ ಅರ್ಜಿ. ಪತ್ರ ಬರೆಯೋದು ಕಲಿಸುತ್ತೇವೆ, ಪ್ರಬಂಧ ಕಲಿಸುತ್ತೇವೆ. ಆದರೆ ಮಕ್ಕಳು ದಿನಾ ಬೆಳಗಾದರೆ ಕೇಳುವುದು ಪ್ರಬಂಧವನ್ನಲ್ಲ, ಜಾಹೀರಾತನ್ನು. ಬಸ್ಸಿನಲ್ಲಿ ರೇಡಿಯೋ, ಮನೆಯಲ್ಲಿ ಟೀವಿ, ಅಪ್ಪನ ಕೈಲಿ ಫೋನು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಮಾಡಿದ್ದು 2025ರ ಆಗಸ್ಟ್‌ನಲ್ಲಿ. ಅದಕ್ಕೆ ಮುಂಚೆ ಎಷ್ಟು ವರ್ಷ ಆ ಜಾಹೀರಾತುಗಳು ಹಳ್ಳಿ ಹುಡುಗರ ಕಿವಿಯಲ್ಲಿ ಗುಂಯ್‌ಗುಟ್ಟಿದವು, ಲೆಕ್ಕ ಹಾಕಿ. ಕಾಯ್ದೆ ಯಾವತ್ತೂ ಹಿಂದಿನಿಂದಲೇ ಬರೋದು. ಕಿವಿ ಮುಂಚೆಯೇ ಚುರುಕಾಗಿರಬೇಕು.

ರೇಡಿಯೋಗೆ 'ಆಕಾಶವಾಣಿ' ಅನ್ನೋ ಹೆಸರು ಹತ್ತಿದ್ದೇ ನಮ್ಮ ಮೈಸೂರಿನಲ್ಲಿ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಮನಸ್ಸಿನ ಶಾಸ್ತ್ರ ಓದಿದ ಮೇಷ್ಟ್ರು ಕೈಗೆ ರೇಡಿಯೋ ಸಿಕ್ಕಿದ್ದು ಸುಮ್ಮನೆ ಅಲ್ಲ ಅಂತ ನನ್ನ ಲೆಕ್ಕ. ಸರ್ಕಾರದ ರೇಡಿಯೋ ಮಾತ್ರ ಜಾಹೀರಾತಿಗೆ ಬಹಳ ಕಾಲ ಬಾಗಿಲು ಹಾಕಿಕೊಂಡಿತ್ತು. 1957ರಲ್ಲಿ ಶುರುವಾದ ವಿವಿಧ ಭಾರತಿಯಲ್ಲಿ ಜಾಹೀರಾತು ಬಂದದ್ದು 1967ರ ನವೆಂಬರ್‌ನಲ್ಲಿ, ಅದೂ ಮುಂಬೈ ಕಡೆ ಮೊದಲು.

ಈಗ ಪಾಠಕ್ಕೆ ಬರೋಣ. ನಲವತ್ತು ಹೈಕಳನ್ನು ಒಟ್ಟಿಗೆ ಕೂರಿಸಿ "ಜಾಹೀರಾತು ಬರೀರಪ್ಪಾ" ಅಂದರೆ ಮುಂದಿನ ಬೆಂಚಿನ ಮೂವರು ಬರೀತಾರೆ, ಮಿಕ್ಕವರು ಕಿಟಕಿ ನೋಡ್ತಾರೆ. ಅದಕ್ಕೇ ಐದೈದು ಜನರ ಗುಂಪು ಬೇಕು. ಒಬ್ಬ ಬರೆಯೋನು, ಇಬ್ಬರು ಮಾತಾಡೋರು, ಒಬ್ಬ ಸದ್ದಿನ ಮನುಷ್ಯ. ಐದನೆಯವನು ಬಹಳ ಮುಖ್ಯ. ಅವನ ಕೈಲಿ ಗಡಿಯಾರ, ಬಾಯಲ್ಲಿ ತಕರಾರು. "ಇದು ನಿಜಾನಾ? ಯಾರು ಹೇಳಿದ್ರು?" ಅಂತ ಪ್ರತಿ ಸಾಲಿಗೂ ಕೇಳೋದೇ ಅವನ ಕೆಲಸ. ವಾರಕ್ಕೊಂದು ಸಲ ಕೆಲಸ ಅದಲು ಬದಲಾಗಬೇಕು. ಇಲ್ಲದಿದ್ದರೆ ಬರೆಯೋನು ಬರೀತಾನೇ ಇರ್ತಾನೆ, ತಕರಾರಿನವನು ಊರಿಗೇ ತಕರಾರು ತೆಗೀತಾನೆ.

ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದೆ ಕೂತ ಹುಡುಗಿಯನ್ನು ದನಿಗೆ ಹಾಕಿ ನೋಡಿ, ಮೇಷ್ಟ್ರೇ. ರೇಡಿಯೋಗೆ ಮುಖ ಕಾಣಲ್ಲ, ಹರಿದ ಯೂನಿಫಾರಂ ಕಾಣಲ್ಲ. ನಾಚಿಕೆ ಇರೋರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ.

ಯಾವ ಮಾಲು ಆರಿಸಬೇಕು? ಸೋಪು, ಟೂತ್‌ಪೇಸ್ಟು ಬೇಡ. ಅವುಗಳಿಗೆ ಕೋಟಿಗಟ್ಟಲೆ ಸುರಿಯೋರು ಇದ್ದಾರೆ. ರೇಷ್ಮೆ ಗೂಡೂ ಬೇಡ. ಅದು ರಾಮನಗರದ ಮಾರುಕಟ್ಟೆಗೆ ಹೋಗಿ ಹರಾಜಾಗುತ್ತೆ, ಕೊಳ್ಳೋ ರೀಲರು ಗೂಡು ನೋಡಿ ಬೆಲೆ ಕಟ್ತಾನೆ, ಹಾಡು ಕೇಳಿ ಅಲ್ಲ. ಎಲ್ಲದಕ್ಕೂ ಜಾಹೀರಾತು ಬೇಕಿಲ್ಲ ಅನ್ನೋದೂ ಮಕ್ಕಳು ಮೊದಲ ದಿನವೇ ಕಲಿಯಬೇಕಾದ್ದು. ಬೇಕಾಗಿರೋದು ಯಾರಿಗೆ? ತೋಟದ ಬಾದಾಮಿ ಮಾವನ್ನು ತಾನೇ ರಸ್ತೆ ಬದಿ ಮಾರೋ ರೈತನಿಗೆ. ಚನ್ನಪಟ್ಟಣದಲ್ಲಿ ಬೊಂಬೆ ತಿರುವೋ ಕುಶಲಕರ್ಮಿಗೆ.

ಬೊಂಬೆಯನ್ನೇ ತಗೊಳ್ಳಿ. ಆಲೆ ಮರದ ತುಂಡು ಲೇತಿನಲ್ಲಿ ತಿರುಗುತ್ತೆ. ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತೆ. 2005-06ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ನೋಂದಣಿ ಸಿಕ್ಕಿತು. ಅಂದರೆ ಬೇರೆ ಊರಿನ ಮಾಲಿಗೆ ಈ ಹೆಸರು ಅಂಟಿಸೋ ಹಾಗಿಲ್ಲ. ಕಾನೂನು ಇದೆ. ಆದರೆ ಅಂಗಡಿ ಮುಂದೆ ನಿಂತ ಗಿರಾಕಿಗೆ ಅಸಲಿ ಯಾವುದು, ನಕಲಿ ಯಾವುದು ಅಂತ ಕಾನೂನು ಬಂದು ಕಿವಿಯಲ್ಲಿ ಹೇಳುತ್ತಾ? ಹೇಳೋ ದನಿ ಬೇಕು.

ಇಲ್ಲೇ ಗುಂಪಿನಲ್ಲಿ ಜಗಳ ಹತ್ತೋದು, ಹತ್ತಲೂ ಬೇಕು. ಬರೆಯೋನು ಹುರುಪಿನಲ್ಲಿ "ಪೂರ್ತಿ ನೈಸರ್ಗಿಕ ಬಣ್ಣ, ಮಗು ಬಾಯಿಗಿಟ್ಟರೂ ಭಯವಿಲ್ಲ" ಅಂತ ಗೀಚಬಹುದು. ಕೇಳೋಕೆ ಚಂದ. ತಕರಾರಿನವನು ಕೈ ಎತ್ತಬೇಕು: "ನೀನು ಹೋಗಿ ನೋಡಿದ್ದೀಯೇನ್ಲಾ?" ಅರಿಶಿನ, ನೀಲಿಯಂಥ ಗಿಡಮೂಲದ ಬಣ್ಣ ಹಾಕೋರು ಇದ್ದಾರೆ. ಎಲ್ಲಾ ಲೇತಿನ ಮುಂದೂ ಅದೇ ಬಣ್ಣ ಇರುತ್ತೆ ಅನ್ನೋ ಹಾಗಿಲ್ಲ. ಹಾಗಾದರೆ ಗುಂಪು ಎದ್ದು ಹೋಗಿ ಮಾಡೋರನ್ನೇ ಕೇಳಬೇಕು: "ಅಣ್ಣ, ಈ ಕೆಂಪು ಎಲ್ಲಿಂದ ತರ್ತೀರಿ?" ಉತ್ತರ ಸಿಕ್ಕರೆ ಆ ಮಾತು ಇಟ್ಟುಕೊಳ್ಳಿ, ಸಿಗದಿದ್ದರೆ ಹೊಡೆದು ಹಾಕಿ. ಮಾವಿನ ಹಣ್ಣಿಗೂ ಇದೇ ನಿಯಮ. ಕಾರ್ಬೈಡ್ ಹಾಕಿ ಹಣ್ಣು ಮಾಡೋದು ಕಾನೂನಿನಲ್ಲೇ ನಿಷಿದ್ಧ. "ನಮ್ಮದು ಕಾರ್ಬೈಡ್ ಇಲ್ಲದ ಹಣ್ಣು" ಅಂತ ಹೇಳೋ ಮುಂಚೆ ಹುಲ್ಲು ಹಾಸಿದ ಕೋಣೆ ಕಣ್ಣಾರೆ ನೋಡಿ ಬನ್ನಿ.

ಇದು ಮಕ್ಕಳಾಟ ಅಂದುಕೊಳ್ಳಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಅದೇ ತಪ್ಪಾದರೆ 50 ಲಕ್ಷದವರೆಗೆ. ಮಾಲು ಮಾಡಿದವನಿಗೆ ಮಾತ್ರವಲ್ಲ, "ನಾನು ಬಳಸ್ತೀನಿ, ನೀವೂ ಬಳಸಿ" ಅಂತ ಹಲ್ಲು ಕಿರಿಯೋ ತಾರೆಯರಿಗೂ. ತಾರೆಯರಿಗೆ ನಮ್ಮ ತಕರಾರಿನ ಹುಡುಗನಂಥ ಒಬ್ಬ ಪಕ್ಕದಲ್ಲಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಇನ್ನು ಸೆಕೆಂಡಿನ ಲೆಕ್ಕ. ಹತ್ತು ಸೆಕೆಂಡಿಗೆ ಕನ್ನಡದಲ್ಲಿ ಹದಿನೈದಿಪ್ಪತ್ತು ಪದಕ್ಕಿಂತ ಹೆಚ್ಚು ಹಿಡಿಯಲ್ಲ. ತುರುಕಿದರೆ ಕೇಳೋನಿಗೆ ಒಂದೂ ತಿಳಿಯಲ್ಲ. ಸಮುದಾಯ ರೇಡಿಯೋಗಳಿಗೆ ಕೇಂದ್ರ ಸರ್ಕಾರ ತನ್ನ ಜಾಹೀರಾತಿಗೆ ಕೊಡೋ ದರವನ್ನು 2024ರಲ್ಲಿ 10 ಸೆಕೆಂಡಿಗೆ 52 ರೂಪಾಯಿಯಿಂದ 74ಕ್ಕೆ ಏರಿಸಿತು. ಗಂಟೆಗೆ 12 ನಿಮಿಷ ಜಾಹೀರಾತು ಹಾಕಬಹುದು ಅಂತಲೂ ಹೇಳಿತು. ಬೋರ್ಡಿನ ಮೇಲೆ ಈ 74 ಬರೆದು ಭಾಗಾಕಾರ ಮಾಡಿಸಿ. ಒಂದು ಪದಕ್ಕೆ ನಾಲ್ಕೈದು ರೂಪಾಯಿ ಬಿತ್ತು. "ಅತ್ಯುತ್ತಮ", "ಅದ್ಭುತ", "ವಿಶ್ವವಿಖ್ಯಾತ" ಇವೆಲ್ಲಾ ಆಗ ತಾವಾಗೇ ಉದುರುತ್ತವೆ. ಉಳಿಯೋದು ಹೀಗಿರಬಹುದು, ಮಾದರಿಗೆ ನಾನೇ ಬರೆದದ್ದು.

ಮೊದಲು ಲೇತಿನ ಸದ್ದು. ಮಗು: "ಅಜ್ಜೀ, ಈ ಬುಗುರಿ ಬಣ್ಣ ಕೈಗೆ ಹತ್ತಲ್ವಲ್ಲ?" ಅಜ್ಜಿ: "ಅರಗಿನ ಬಣ್ಣ ಕಣೋ." ಮೂರನೇ ದನಿ: "ಆಲೆ ಮರ, ಚನ್ನಪಟ್ಟಣದ ಕೈಕೆಲಸ. ಕೊಳ್ಳುವಾಗ ಕೇಳಿ ಕೊಳ್ಳಿ."

ಹದಿನಾರು ಪದ. ಅಕ್ಕೂರು ಹೈಕಳು ಇದಕ್ಕಿಂತ ಚೆನ್ನಾಗಿ ಬರೀತಾರೆ, ಅನುಮಾನ ಬೇಡ.

ಸದ್ದಿಗೆ ಖರ್ಚಿಲ್ಲ. ತೆಂಗಿನ ಚಿಪ್ಪು ಎರಡು ಕುಟ್ಟಿದರೆ ಕುದುರೆ ಓಡುತ್ತೆ. ಮೊರದಲ್ಲಿ ಅಕ್ಕಿ ಆಡಿಸಿದರೆ ಮಳೆ. ತಗಡು ಅಲ್ಲಾಡಿಸಿದರೆ ಗುಡುಗು. ಲೇತಿನ ಸದ್ದು ಮಾತ್ರ ಅಸಲಿಯೇ ಬೇಕು, ಫೋನಿನಲ್ಲಿ ಹಿಡಿದು ತನ್ನಿ. ಧ್ವನಿಮುದ್ರಣ ಮಾಡುವಾಗ ತಾರಸಿ ಕೋಣೆ ಗವಗವ ಅನ್ನುತ್ತೆ, ಮೂಲೆಯಲ್ಲಿ ಎರಡು ಕಂಬಳಿ ಇಳಿಬಿಡಿ. ಫೋನನ್ನು ಬಾಯಿಗೆ ನೇರ ಹಿಡಿಯಬೇಡಿ. 'ಪ', 'ಭ' ಬಂದಾಗ ಉಸಿರು ಬಡಿದು ಪಟಾಕಿ ಸಿಡಿದಂತಾಗುತ್ತೆ. ಸ್ವಲ್ಪ ಓರೆ ಹಿಡಿದರೆ ಸಾಕು.

ರೇಡಿಯೋ ಸ್ಟೇಷನ್ನು ಎಲ್ಲಿದೆ ಅಂತ ಕೇಳಬಹುದು. ಶಾಲಾ ಕಾಲೇಜುಗಳು ಸಮುದಾಯ ರೇಡಿಯೋ ನಡೆಸಬಹುದು ಅಂತ 2002ರಲ್ಲೇ ನೀತಿ ಬಂತು, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಅವಕಾಶ ಸಿಕ್ಕಿತು. ಅದಕ್ಕೆಲ್ಲಾ ಲೈಸೆನ್ಸು, ಗೋಪುರ, ದುಡ್ಡು ಬೇಕು. ಅಲ್ಲೀತನಕ ಶಾಲೆಯ ಪ್ರಾರ್ಥನೆ ಮೈಕು ಸಾಕು. ಸೋಮವಾರ ಬೆಳಿಗ್ಗೆ ಒಂದೊಂದು ಗುಂಪಿನದು ಹಾಕಿ. ಬೊಂಬೆ ಮಾಡೋರನ್ನೂ ಮಾವು ಬೆಳೆಯೋರನ್ನೂ ಕರೆದು ಕುರ್ಚಿ ಹಾಕಿ ಕೂರಿಸಿ. "ಇದು ನನ್ನ ಮಾಲಲ್ಲ ಕಣ್ರಪ್ಪ, ಜಾಸ್ತಿ ಹೇಳಿಬಿಟ್ರಿ" ಅಂತ ಅವರು ಅಂದರೆ ಆ ಗುಂಪು ಮತ್ತೆ ಬರೀಬೇಕು.