ಎಸಿ ತಂಪು ಕಳೆಯದೆ ತಾಜಾ ಗಾಳಿ: ಫಾರ್ವರ್ಡ್ ಎಷ್ಟು ನಿಜ?

ಫಾರ್ವರ್ಡ್: "ಇಆರ್‌ವಿ, ಅಂದರೆ ಎನರ್ಜಿ ರಿಕವರಿ ವೆಂಟಿಲೇಟರ್ ಹಾಕಿಸಿ, ತಾಜಾ ಗಾಳಿ ಬರುತ್ತದೆ, ಎಸಿ ತಂಪು ಚೂರೂ ಹೋಗದು."

ನಿಜಾಂಶ: ಅರ್ಧ ಸತ್ಯ. ಹೊರಹೋಗುವ ಗಾಳಿ, ಒಳಬರುವ ಗಾಳಿ ತೆಳು ಪೊರೆಯ ಆಚೀಚೆ ಹರಿಯುತ್ತವೆ. ಬಿಸಿ, ತೇವ ಪೊರೆ ದಾಟುತ್ತವೆ, ಆದರೆ ಪೂರ್ತಿ ಅಲ್ಲ.

ಪರೀಕ್ಷೆ ಹೇಗೆ? ಹೊರಗೆ 36 ಡಿಗ್ರಿ, ಕೋಣೆಯಲ್ಲಿ 26, ಯಂತ್ರದಿಂದ ಬರುವ ಗಾಳಿ 29 ಎನ್ನಿ. 10ರಲ್ಲಿ 7 ಇಳಿಯಿತು: ಶೇ. 70. ತೇವಕ್ಕೆ ಬೇರೆ ಲೆಕ್ಕ: ಕೆಜಿ ಗಾಳಿಗೆ ಎಷ್ಟು ಗ್ರಾಂ ನೀರಾವಿ ಎಂದು ನೋಡಬೇಕು. ಆರ್ದ್ರತೆಯ ಶೇಕಡಾವಾರು ಸಾಲದು. ತಾಪ ಬದಲಾದರೆ ಅದೂ ಬದಲಾಗುತ್ತದೆ.

ಎಚ್ಚರ: ಕೋಣೆಯ ಹಳೆ ಗಾಳಿಯೇ ಸೋರಿ ಮರಳಿದರೂ ಅಂಕಿ ಚೆನ್ನಾಗಿ ಕಾಣುತ್ತದೆ. ಕೊಳ್ಳುವ ಮುನ್ನ ಸೋರಿಕೆ ಎಷ್ಟೆಂದು ಕೇಳಿ.

ಸೂರಗೊಂಡನಕೊಪ್ಪದಲ್ಲಿ ಕಿಟಕಿ ತೆರೆದು ಮಲಗುವ ಮನೆಗೆ ಈ ಖರ್ಚೇ ಬೇಡ.