ಮುಸೊಲಿನಿಯ ರೋಮ್ ದಂಡಯಾತ್ರೆ: ನಂಬಿಕೆ ಮತ್ತು ನಿಜಸ್ಥಿತಿ

1922ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಬೆನಿಟೊ ಮುಸೊಲಿನಿಯು ತನ್ನ ಫ್ಯಾಸಿಸ್ಟ್ ಪಕ್ಷದ ಕರಿಯಂಗಿಯ ದಳಗಳ ಮುಂದಾಳಾಗಿ ರೋಮ್ ನಗರದ ಮೇಲೆ ದಂಡೆತ್ತಿ ಬಂದನೆಂದೂ, ಆ ರಭಸವನ್ನು ತಡೆಯಲಾರದೆ ಇಟಲಿಯ ಸರ್ಕಾರವು ಶರಣಾಗತವಾಯಿತೆಂದೂ ಬಹುಜನರು ಇಂದಿಗೂ ನಂಬಿರುವರು. ಆ ಮೂರು ನಾಲ್ಕು ದಿನಗಳ ವೃತ್ತಾಂತವನ್ನು ಸಾವಧಾನದಿಂದ ಪರಿಶೀಲಿಸಿದವರಿಗೆ ಕಾಣುವ ಚಿತ್ರವೇ ಬೇರೆ.

ಉತ್ತರ ಮತ್ತು ಮಧ್ಯ ಇಟಲಿಯ ಅನೇಕ ಊರುಗಳಲ್ಲಿ ಫ್ಯಾಸಿಸ್ಟರು ರೈಲು ನಿಲ್ದಾಣಗಳನ್ನೂ ತಂತಿ ಕಚೇರಿಗಳನ್ನೂ ಆಕ್ರಮಿಸಿದುದು ದಿಟ. ಅವರ ಲಾಠಿಗಳಿಗೂ ಬೆಂಕಿಗೂ ಸಮಾಜವಾದಿಗಳೂ ರೈತಸಂಘಗಳೂ ಅದಕ್ಕೆ ಮುಂಚಿನ ಎರಡು ವರ್ಷ ಬಲಿಯಾದುದನ್ನು ಮರೆಯುವುದು ಅನ್ಯಾಯವಾದೀತು. ಆದರೆ ರೋಮ್ ನಗರದ ಸಮೀಪಕ್ಕೆ ಬಂದ ದಳಗಳು ಹಳಿ ಕಿತ್ತ ರೈಲುಮಾರ್ಗಗಳಿಂದಾಗಿ ದಾರಿಯಲ್ಲೇ ತಡೆಯಲ್ಪಟ್ಟು, ಮಳೆಯಲ್ಲಿ ನೆನೆಯುತ್ತ, ತಕ್ಕಷ್ಟು ಆಯುಧವಾಗಲಿ ಆಹಾರವಾಗಲಿ ಇಲ್ಲದೆ ನಿಂತಿದ್ದವು; ನಗರದೊಳಗೋ ಶಿಸ್ತಿನ ರಾಜಸೈನ್ಯವು ಸಜ್ಜಾಗಿತ್ತು. ನಾಯಕನು ಈ ದಳಗಳೊಡನೆ ಇರಲೇ ಇಲ್ಲ. ಅವನು ದೂರದ ಮಿಲಾನ್ ನಗರದಲ್ಲಿ, ತನ್ನ ಪತ್ರಿಕೆಯ ಕಚೇರಿಯಲ್ಲಿ, ಸಮಾಚಾರವನ್ನು ಕಾಯುತ್ತಿದ್ದನು.

ಅಕ್ಟೋಬರ್ 28ರ ಮುಂಜಾನೆ ಪ್ರಧಾನಿ ಲೂಯಿಜಿ ಫಾಕ್ಟನ ಮಂತ್ರಿಮಂಡಲವು ಸೈನಿಕ ಶಾಸನವನ್ನು ಜಾರಿಗೊಳಿಸಲು ನಿರ್ಧರಿಸಿತು. ಅದರ ಘೋಷಣೆ ಗೋಡೆಗಳ ಮೇಲೆ ಅಂಟಿದ್ದಾಗಲೇ, ಫಾಕ್ಟನು ಅರಮನೆಗೆ ಒಯ್ದ ಆಜ್ಞಾಪತ್ರಕ್ಕೆ ರುಜು ಹಾಕಲು ದೊರೆ ಮೂರನೆಯ ವಿಕ್ಟರ್ ಇಮ್ಯಾನುಯೆಲ್ ಒಪ್ಪದೆ ಹೋದನು. ಅಂತರ್ಯುದ್ಧದ ಭಯವೋ, ಸೈನ್ಯದ ನಿಷ್ಠೆಯಲ್ಲಿ ಸಂದೇಹವೋ, ಕಾರಣವೇನೇ ಇರಲಿ, ಇಟಲಿಯ ವಿಧಿಯನ್ನು ನಿರ್ಣಯಿಸಿದುದು ಬೀಳದೆ ಹೋದ ಆ ಒಂದು ರುಜುವೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ದೊರೆಯು ಮೊದಲು ಮಾಜಿ ಪ್ರಧಾನಿ ಸಲಾಂದ್ರನಿಗೆ ಮಂತ್ರಿಮಂಡಲ ರಚಿಸುವಂತೆ ಹೇಳಿದನು. ಆ ಪ್ರಯತ್ನ ಫಲಿಸದಿರಲು 29ರಂದು ಮುಸೊಲಿನಿಗೆ ತಂತಿ ಹೋಯಿತು. ಅಂದು ರಾತ್ರಿ ರೈಲಿನಲ್ಲಿ ಹೊರಟ ‘ದಂಡನಾಯಕ’ನು ಮರುದಿನ ಬೆಳಗ್ಗೆ ರಾಜಧಾನಿಯಲ್ಲಿ ಇಳಿದನು. ಕರಿಯಂಗಿಗಳ ಮೆರವಣಿಗೆ ನಡೆದುದು ಅದರ ಮಾರನೆಯ ದಿನ, ಅಧಿಕಾರವು ಕೈಸೇರಿದ ಮೇಲೆ.

ದೋಷವು ದೊರೆಯೊಬ್ಬನದೇ ಅಲ್ಲ. ಸಂಸತ್ತಿನ ಐನೂರಕ್ಕೂ ಹೆಚ್ಚು ಸದಸ್ಯರ ಸಭೆಯಲ್ಲಿ ಫ್ಯಾಸಿಸ್ಟರು ಸುಮಾರು 35 ಮಂದಿಯಾಗಿದ್ದರೂ, ನವೆಂಬರಿನಲ್ಲಿ 306 ಸದಸ್ಯರು ಮುಸೊಲಿನಿಯ ಮಂತ್ರಿಮಂಡಲಕ್ಕೆ ವಿಶ್ವಾಸಮತವನ್ನಿತ್ತರು. ಅವರಲ್ಲಿ ಜೊಲಿಟ್ಟಿಯಂಥ ಹಿರಿಯ ಉದಾರವಾದಿ ಮುತ್ಸದ್ದಿಯೂ ಇದ್ದನು. ಮುಸೊಲಿನಿಯನ್ನು ಹದ್ದುಬಸ್ತಿನಲ್ಲಿಡಬಹುದೆಂದು ಎಣಿಸಿದ ಆ ಉದಾರವಾದಿಗಳ ಲೆಕ್ಕವು 1925ರ ವೇಳೆಗೆ ಪೂರ್ತಿಯಾಗಿ ತಪ್ಪಿಹೋಗಿತ್ತು. ಮುಸೊಲಿನಿಯಾದರೋ ತನ್ನ ಹಿಂದೆ ಮೂರು ಲಕ್ಷ ಯೋಧರಿದ್ದರೆಂದು ಸಭೆಯಲ್ಲಿಯೇ ಸಾರಿ, ಆ ಅಕ್ಟೋಬರಿನಿಂದ ಹೊಸ ಶಕೆಯನ್ನೇ ಎಣಿಸತೊಡಗಿದನು. ಇಂದು ನಾವು ನಂಬುತ್ತಿರುವುದು ಬಹುಮಟ್ಟಿಗೆ ಆ ಪ್ರಚಾರವನ್ನೇ.

ಅವನನ್ನು ಕರೆದು ಕೂರಿಸಿದ ದೊರೆಯೇ 1943ರ ಜುಲೈ 25ರಂದು ಅವನನ್ನು ಪದಚ್ಯುತಗೊಳಿಸಿ ಸೆರೆಹಿಡಿಸಿದನು. ದೇಶವು ಆ ವಿಳಂಬವನ್ನು ಕ್ಷಮಿಸಲಿಲ್ಲ. 1946ರ ಜೂನ್ ತಿಂಗಳ ಜನಮತದಲ್ಲಿ ಇಟಲಿಯ ಪ್ರಜೆಗಳು ರಾಜಪ್ರಭುತ್ವವನ್ನೇ ರದ್ದುಗೊಳಿಸಿದರು.