ಕಂದಾಯದ ಲೆಕ್ಕಿಗರ ಮಾತು: ಪ್ರಾಂತಭೇದ ಮತ್ತು ಅರ್ಥಭೇದ

ಒಂದು ಊರಿನ ಚರಿತ್ರೆಯನ್ನು ಬರೆಯಹೊರಡುವ ವಿದ್ಯಾರ್ಥಿಯು ಶಾಸನಗಳನ್ನೂ ಕೈಫಿಯತ್ತುಗಳನ್ನೂ ನೋಡಿ ಮುಗಿಸಿದ ಬಳಿಕ ತಾಲ್ಲೂಕು ಕಚೇರಿಯ ಹಳೆಯ ದಫ್ತರದ ಕಡೆಗೆ ತಿರುಗುವುದು ಸಹಜ. ಅಲ್ಲಿ ಅವನನ್ನು ಕಂಗೆಡಿಸುವುದು ಲಿಪಿಗಿಂತ ಹೆಚ್ಚಾಗಿ ಮಾತು. ಕನ್ನಡವೇ ಆದರೂ ಅದು ಮನೆಯ ಕನ್ನಡವಲ್ಲ, ಗ್ರಂಥದ ಕನ್ನಡವೂ ಅಲ್ಲ. ಕಂದಾಯದ ಲೆಕ್ಕವನ್ನು ಸಿದ್ಧಪಡಿಸುತ್ತಿದ್ದವರು ತಮ್ಮ ಕೆಲಸದ ಅನುಕೂಲಕ್ಕಾಗಿ ತಲೆಮಾರುಗಳ ಕಾಲ ಬಳಸಿ ಸವೆಸಿದ ಮಾತು ಅದು. ಪ್ರಾಂತದಿಂದ ಪ್ರಾಂತಕ್ಕೆ ಬೇರೆ ಬೇರೆ.

ಮೊದಲು ಆ ಲೆಕ್ಕಿಗನ ಹೆಸರನ್ನೇ ನೋಡಬಹುದು. ಹಳೆಯ ಮೈಸೂರಿನಲ್ಲಿ ಅವನು ಶಾನುಭೋಗ. ಶಾಸನಗಳ ‘ಸೇನಬೋವ’ನೇ ಈ ರೂಪವನ್ನು ತಾಳಿದ್ದಾನೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ಕುಲಕರ್ಣಿ. 1950ರ ಕಾಯಿದೆಯಿಂದ ಅಲ್ಲಿ ಕುಲಕರ್ಣಿ ವತನಗಳು ರದ್ದಾದ ಮೇಲೆ ಸಂಬಳದ ತಲಾಠಿಯೇ ಎಲ್ಲೆಡೆ ಲೆಕ್ಕವನ್ನು ವಹಿಸಿಕೊಂಡನು. ನಿಜಾಮರ ಸೀಮೆಯಲ್ಲಿ ಪಟವಾರಿ, ಮದ್ರಾಸಿನ ಆಡಳಿತವಿದ್ದ ಬಳ್ಳಾರಿಯಲ್ಲಿ ಕರಣ. 1956ರ ನವೆಂಬರ್ 1ರಂದು ಇವರೆಲ್ಲರ ಕಡತಗಳೂ ಒಂದೇ ರಾಜ್ಯದ ಸೊತ್ತಾದವು; ಆದರೆ ಒಂದೇ ಭಾಷೆಯವಾಗಲಿಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕುವ 1961ರ ಕಾಯಿದೆಯು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಾಗ ಶಾನುಭೋಗಿಕೆ ಹೋಯಿತು. ಶಾನುಭೋಗರ ಮಾತು ಮಾತ್ರ ಗ್ರಾಮಲೆಕ್ಕಿಗರ ಬಾಯಲ್ಲಿ ಉಳಿದುಕೊಂಡಿತು.

ಈ ಮಾತಿನ ಬಹುಭಾಗ ಅರಬ್ಬೀ, ಪಾರಸೀ ಮತ್ತು ಮರಾಠಿಯ ಮೂಲಕ ಬಂದದ್ದೆಂಬುದು ವಿದಿತವೇ ಇದೆ. ಜಮಾಬಂದಿ, ವಸೂಲಿ, ಬಾಕಿ, ಕಿಸ್ತು, ತಹಶೀಲ್ದಾರ ಮೊದಲಾದುವು ಎಲ್ಲರೂ ಬಲ್ಲವು. ಗಮನಿಸಬೇಕಾದುದು ಕನ್ನಡಿಗರ ನಾಲಗೆ ಇವುಗಳಿಗೆ ಮಾಡಿದ ಮಾರ್ಪಾಡು. ನಮ್ಮ ಹಳ್ಳಿಯ ಮಾತಿನಲ್ಲಿ ಮಹಾಪ್ರಾಣ ನಿಲ್ಲುವುದು ಅಪರೂಪ. ‘ಖರಾಬು’ ಕರಾಬಾಗುತ್ತದೆ, ‘ಫಸಲಿ’ ಪಸಲಿಯಾಗುತ್ತದೆ. ಇದನ್ನು ಅರಿತ ಬರಹಗಾರನು ತಪ್ಪಾದೀತೆಂಬ ಅಂಜಿಕೆಯಿಂದ ಇಲ್ಲದ ಕಡೆಯಲ್ಲೂ ಮಹಾಪ್ರಾಣವನ್ನು ಹಚ್ಚುವುದುಂಟು. ಕಚೇರಿಯ ಕಾಗದಗಳಲ್ಲಿ ಎಲ್ಲೆಲ್ಲೂ ಕಾಣುವ ‘ಖಾಯಂ’ ಇಂಥದು. ಮೂಲದ ಅರಬ್ಬೀ ಶಬ್ದದಲ್ಲಿ ‘ಖ’ಕಾರವೇ ಇಲ್ಲ, ಹಳ್ಳಿಗನ ‘ಕಾಯಂ’ ಮೂಲಕ್ಕೆ ಹೆಚ್ಚು ಹತ್ತಿರ. ಪಂಡಿತಂಮನ್ಯತೆಗೆ ಕಚೇರಿಯೂ ಹೊರತಲ್ಲವೆನ್ನಬೇಕು.

ಉಚ್ಚಾರಣೆಯ ಈ ಭೇದಗಳು ಬರಿಯ ಕುತೂಹಲದ ವಿಷಯವಲ್ಲ. ಸತ್ತವನ ಹೆಸರಿನಿಂದ ವಾರಸುದಾರನ ಹೆಸರಿಗೆ ಖಾತೆ ಬದಲಾಗುವುದನ್ನು ‘ಪೌತಿ ಖಾತೆ’ ಎನ್ನುತ್ತಾರೆ. ಮೂಲ ರೂಪ ‘ಫೌತಿ’, ಮರಣವೆಂದರ್ಥ. ಮರಾಠಿಯಿಂದ ಬಂದ ‘ಪಾವತಿ’ಯಾದರೋ ಹಣ ಸಂದದ್ದನ್ನೂ ಅದರ ರಸೀತಿಯನ್ನೂ ಹೇಳುತ್ತದೆ. ಬೇಗ ಬೇಗ ಆಡಿದಾಗ ಪಾವತಿಯು ‘ಪಾವ್ತಿ’ಯಾಗಿ, ಪೌತಿಯಿಂದ ಅದನ್ನು ಬೇರ್ಪಡಿಸುವುದು ಕಿವಿಗೆ ಕಷ್ಟವಾಗುತ್ತದೆ. ಒಬ್ಬನು ಓದಿ ಇನ್ನೊಬ್ಬನು ಬರೆದುಕೊಂಡ ಲೆಕ್ಕಗಳಲ್ಲಿ ಸತ್ತವನಾರು, ಹಣ ಸಲ್ಲಿಸಿದವನಾರು ಎಂಬುದನ್ನು ಅಕ್ಷರವೊಂದನ್ನೇ ನಂಬಿ ತೀರ್ಮಾನಿಸಲಾಗದು. ಮುಂದಿನ ವರ್ಷದ ಪುಟವನ್ನೂ ತೆರೆದು ನೋಡಬೇಕು. ದಕ್ಷಿಣದ ಜಿಲ್ಲೆಗಳಲ್ಲಿ ಪದಾದಿಯ ಹಕಾರ ಬಿದ್ದುಹೋಗುವುದರಿಂದ ಹನುಮಯ್ಯನೇ ಅನುಮಯ್ಯನಾಗುವುದೂ ಉಂಟು. ಹೀಗಾದಾಗ ಇಬ್ಬರೂ ಒಬ್ಬನೇ ಎಂದು ತೋರಿಸುವ ಹೊರೆ ಅವನ ಮೊಮ್ಮಕ್ಕಳ ಮೇಲೆ ಬೀಳುತ್ತದೆ.

ಇನ್ನು ಕೆಲವು ಶಬ್ದಗಳು ಪರಿಚಿತವಾಗಿರುವುದರಿಂದಲೇ ದಾರಿ ತಪ್ಪಿಸುತ್ತವೆ. ‘ಖರಾಬು’ ಎಂದೊಡನೆ ಕೆಟ್ಟ ನೆಲವೆಂದು ನಾನೂ ಮೊದಮೊದಲು ತಿಳಿದಿದ್ದೆ. ವಾಸ್ತವವಾಗಿ ಅದು ಕಂದಾಯಕ್ಕೆ ಒಳಪಡದ ನೆಲ. ಅದರಲ್ಲಿ ‘ಅ’ ಖರಾಬು ಸಾಗುವಳಿಗೆ ಒದಗದುದು. ‘ಬ’ ಖರಾಬು ದಾರಿ, ಹಳ್ಳ, ಸ್ಮಶಾನ ಮುಂತಾಗಿ ಸಾರ್ವಜನಿಕರಿಗಾಗಿ ಬಿಟ್ಟುದು. ಮಣ್ಣು ಎಷ್ಟೇ ಫಲವತ್ತಾಗಿರಲಿ, ಬಂಡಿದಾರಿಯಾಗಿದ್ದರೆ ಅದು ಖರಾಬೇ. ಇದನ್ನರಿಯದೆ ಖರಾಬಿನ ಅಂಕಿಗಳನ್ನು ಕೂಡಿಸಿ ಒಂದು ಹೋಬಳಿಯ ಭೂಮಿ ಬಂಜರಾಯಿತೆಂದು ವಾದಿಸಿದರೆ ಆ ವಾದ ನಿಲ್ಲದು. ‘ಶಿಸ್ತು’ ಎಂಬುದೂ ಹಾಗೆಯೇ. ಕೆಳದಿಯ ಶಿವಪ್ಪನಾಯಕನ ಶಿಸ್ತು ಅವನ ನಡತೆಯ ವರ್ಣನೆಯಲ್ಲ, ಹದಿನೇಳನೆಯ ಶತಮಾನದ ಭೂಕಂದಾಯದ ನಿರ್ಧಾರ. ಇದೇ ಅರ್ಥಕ್ಕೆ ದಕ್ಷಿಣ ಕನ್ನಡದವರು ‘ತೀರ್ವೆ’ ಎನ್ನುವರು.

ಅಳತೆಯಲ್ಲಿ ಈ ಪ್ರಾಂತಭೇದ ಇನ್ನೂ ಅಪಾಯಕಾರಿ. ಮೈಸೂರಿನಲ್ಲಿ 1863ರಿಂದ ನಡೆದ ಕಂದಾಯದ ಮೋಜಣಿಯು ಮುಂಬಯಿಯ ಪದ್ಧತಿಯನ್ನು ಅನುಸರಿಸಿತಾದುದರಿಂದ ಮೈಸೂರಿಗೂ ಧಾರವಾಡಕ್ಕೂ ಎಕರೆಗೆ 40 ಗುಂಟೆಯೇ. ಮದ್ರಾಸಿನ ಪದ್ಧತಿಯಲ್ಲಿ ಬೆಳೆದ ದಕ್ಷಿಣ ಕನ್ನಡದಲ್ಲಿ ಎಕರೆಗೆ 100 ಸೆಂಟ್ಸು. ಸೊನ್ನೆಯ ಮುಂದೆ ಇಪ್ಪತ್ತೆಂದು ಬರೆದಿದ್ದರೆ ಮಂಡ್ಯದ ಲೆಕ್ಕಿಗನಿಗೆ ಅದು ಅರ್ಧ ಎಕರೆ. ಪುತ್ತೂರಿನ ಲೆಕ್ಕಿಗನಿಗೆ ಎಕರೆಯ ಐದನೆಯ ಒಂದು ಪಾಲು. ದಾಖಲೆಯ ಹೆಸರೂ ಬೇರೆ. ಮೈಸೂರಿನ ‘ಪಹಣಿ’ ಮರಾಠಿಯ ನೋಡುವುದೆಂಬ ಧಾತುವಿನಿಂದ ಹುಟ್ಟಿದ್ದು, ಬೆಳೆಯನ್ನು ಕಣ್ಣಾರೆ ಕಂಡು ಬರೆದದ್ದೆಂಬ ಭಾವ ಅದರಲ್ಲಿದೆ. ಬೆಳಗಾವಿಯ ‘ಉತಾರ’ ಎಂದರೆ ಮೂಲದಿಂದ ಇಳಿಸಿಕೊಂಡ ನಕಲು. ಮದ್ರಾಸಿನ ಕಡೆಯದು ‘ಅಡಂಗಲ್’.

ನಮ್ಮ ಕಾಲಕ್ಕೆ ಹತ್ತಿರದ ನಿದರ್ಶನವೊಂದುಂಟು. ಈ ದಾಖಲೆಯ ಒಂಬತ್ತನೆಯ ಕಾಲಮಿನಲ್ಲಿ ಒಡೆಯನ ಹೆಸರು, ಹನ್ನೆರಡನೆಯದರಲ್ಲಿ ಸಾಗುವಳಿದಾರನ ಹೆಸರು. ಆದುದರಿಂದ ಲೆಕ್ಕಿಗರು ತಮ್ಮತಮ್ಮೊಳಗೆ ಮಾತನಾಡುವಾಗ ಒಡೆಯ, ಗೇಣಿದಾರ ಎನ್ನದೆ ‘ಒಂಬತ್ತರಲ್ಲಿ ಯಾರಿದ್ದಾರೆ, ಹನ್ನೆರಡರಲ್ಲಿ ಯಾರು?’ ಎಂದೇ ಕೇಳುವರು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿದಾರರು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟಾಗ ಈ ಒಳಮಾತು ಊರ ಮಾತಾಯಿತು. ಓದುಬರಹವಿಲ್ಲದವನೂ ಹನ್ನೆರಡನೆಯ ಕಾಲಮಿನಲ್ಲಿ ತನ್ನ ಹೆಸರಿದೆಯೇ ಎಂದು ವಿಚಾರಿಸತೊಡಗಿದನು. ಬರೆದದ್ದು ಸುಳ್ಳೆಂದು ಸಿದ್ಧವಾಗುವವರೆಗೆ ಸತ್ಯವೆಂದೇ ಭಾವಿಸತಕ್ಕದ್ದೆಂದು 1964ರ ಭೂಕಂದಾಯ ಕಾಯಿದೆ ಹೇಳುವುದರಿಂದ, ಆ ಒಂದು ಗೆರೆಯಲ್ಲಿ ಹೆಸರಿಲ್ಲದ ಗೇಣಿದಾರನು ತಾನು ಉತ್ತ ನೆಲಕ್ಕೆ ಬಾಯಿಸಾಕ್ಷಿಯನ್ನು ಹುಡುಕಬೇಕಾಯಿತು.

ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯಿಂದ ದಾಖಲೆಗಳು ಗಣಕಯಂತ್ರಕ್ಕೆ ಏರಿದಾಗ ರಾಜ್ಯಕ್ಕೆಲ್ಲ ಒಂದೇ ನಮೂನೆ ಬಂದಿತು. ಆದರೂ ಬೆಳಗಾವಿಯ ರೈತನು ‘ಉತಾರ’ವನ್ನೇ ಕೇಳುತ್ತಾನೆ, ಮಂಗಳೂರಿನವನು ಸೆಂಟ್ಸಿನಲ್ಲಿಯೇ ಲೆಕ್ಕ ಹೇಳುತ್ತಾನೆ, ಕಿಟಕಿಯ ಆಚೆಗೆ ಕುಳಿತ ನೌಕರನು ಅದನ್ನು ಮನಸ್ಸಿನಲ್ಲಿಯೇ ತರ್ಜುಮೆ ಮಾಡಿಕೊಂಡು ಪಹಣಿಯನ್ನು ಅಚ್ಚುಹಾಕಿ ಕೊಡುತ್ತಾನೆ.